ಸಹಿ ಸಿಗದ 573 ಲಕೋಟೆಗಳು

ತಮ್ಮ ಮತ ಎಣಿಕೆಗೆ ಸೇರಿ ತಿಂಗಳು ಕಳೆಯಿತೆಂದೇ ಲ್ಯಾರಿ ಫಿಲಿಪ್ಸ್ ನಂಬಿದ್ದರು. ನಂಬದಿರಲು ಕಾರಣವೂ ಇರಲಿಲ್ಲ. ಅಮೆರಿಕದ ವಾಯವ್ಯ ತುದಿಯಲ್ಲಿರುವ ವಾಷಿಂಗ್ಟನ್ ರಾಜ್ಯದ ಅತಿ ಹೆಚ್ಚು ಜನಸಂಖ್ಯೆಯ ಕೌಂಟಿಯಾದ ಕಿಂಗ್ ಕೌಂಟಿಯ ಮಂಡಳಿಗೆ ಆಗ ಅವರೇ ಅಧ್ಯಕ್ಷರು. ಸಿಯಾಟಲ್ ನಗರವಿರುವುದು ಆ ಕೌಂಟಿಯಲ್ಲೇ. ನಮ್ಮ ಎಷ್ಟೋ ಮನೆಗಳ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿರುವ ರೆಡ್ಮಂಡ್, ಬೆಲ್ವ್ಯೂ ಊರುಗಳೂ ಅಲ್ಲೇ ಇವೆ. ಫಿಲಿಪ್ಸ್ ಅಂಚೆಯಲ್ಲಿ ಬಂದ ಮತಪತ್ರಕ್ಕೆ ಗುರುತು ಹಾಕಿ, ಲಕೋಟೆಯ ಮೇಲೆ ಸಹಿ ಮಾಡಿ ಕಳಿಸಿ ಕೈತೊಳೆದುಕೊಂಡಿದ್ದರು.

2004ರ ಡಿಸೆಂಬರ್ 12, ಭಾನುವಾರ. ಚುನಾವಣೆ ಮುಗಿದು 40 ದಿನಗಳಾಗಿದ್ದವು, ಗವರ್ನರ್ ಯಾರೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಮೂರನೇ ಸಲದ ಎಣಿಕೆ ನಡೆಯುತ್ತಿತ್ತು. ತಿರಸ್ಕೃತವಾದ ಮತಗಳಲ್ಲಿ ತಮ್ಮ ಪಕ್ಷದ್ದು ಯಾವುದಾದರೂ ಉಳಿದಿದೆಯೇ ಎಂದು ಡೆಮಾಕ್ರಟಿಕ್ ಪಕ್ಷದವರು ಬಡಾವಣೆ ಬಡಾವಣೆಯ ಹೆಸರು ಹಿಡಿದು ಹುಡುಕುತ್ತಿದ್ದರು. ಫಿಲಿಪ್ಸ್ ಕೂಡ ಅದೇ ಪಕ್ಷದವರು. ತಮ್ಮ ನೆರೆಹೊರೆಯಲ್ಲಿ ಯಾರ ಯಾರ ಮತ ತಿರಸ್ಕೃತವಾಗಿದೆ ಎಂಬ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದಾಗ ಅದರಲ್ಲಿ ಅವರದೇ ಹೆಸರು ಕಂಡಿತು. ಕಡತದಲ್ಲಿ ಸಹಿ ಇಲ್ಲ ಎಂಬುದು ತಿರಸ್ಕಾರಕ್ಕೆ ಕೊಟ್ಟ ಕಾರಣ.

ಸಹಿ ಮಾಡಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ವರ್ಷಗಟ್ಟಲೆ ಅದೇ ಕೌಂಟಿಯಲ್ಲಿ ಮತ ಹಾಕಿದವರು, ಅಲ್ಲೇ ಚುನಾವಣೆಗೆ ನಿಂತು ಗೆದ್ದವರು. ಅಂಥವರ ಸಹಿ ಕೌಂಟಿಯ ಕಡತದಲ್ಲಿ ಇಲ್ಲವೆಂದರೆ ಹೇಗೆ? ಚುನಾವಣಾ ನಿರ್ದೇಶಕ ಡೀನ್ ಲೋಗನ್ ಅವರ ಕಿವಿಗೆ ವಿಷಯ ಮುಟ್ಟಿತು. ಮರುದಿನ ಸೋಮವಾರ ಕಚೇರಿಯೇ ಒಪ್ಪಿಕೊಂಡಿತು: ಫಿಲಿಪ್ಸ್ ಒಬ್ಬರೇ ಅಲ್ಲ, ಇಂಥ ಲಕೋಟೆಗಳು 561 ಇವೆ. ತಿರುಗಿ ಎಣಿಸಿದಾಗ ಆ ಸಂಖ್ಯೆ 573 ಆಯಿತು. ಇಡೀ ರಾಜ್ಯದಲ್ಲಿ ಆ ಹೊತ್ತಿಗೆ ಇಬ್ಬರು ಅಭ್ಯರ್ಥಿಗಳ ನಡುವಿನ ಅಧಿಕೃತ ಅಂತರ 42 ಮತ.

ಈ 42 ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರಂತೆ ದಿಲ್ಲಿಯಿಂದ ನೇಮಕವಾಗಿ ಬರುವವರಲ್ಲ. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಸಮಾನ, ಆದರೆ ಶಾಸಕರ ಬೆಂಬಲ ಬೇಕಿಲ್ಲ, ಇಡೀ ರಾಜ್ಯವೇ ಒಂದು ಕ್ಷೇತ್ರವಾಗಿ ನೇರವಾಗಿ ಆರಿಸುತ್ತದೆ. ಎರಡು ಅವಧಿ ಮುಗಿಸಿದ್ದ ಗ್ಯಾರಿ ಲಾಕ್ ಮೂರನೇ ಸಲ ನಿಲ್ಲಲಿಲ್ಲ. ಅವರ ಜಾಗಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ಕ್ರಿಸ್ಟೀನ್ ಗ್ರೆಗೊಯರ್ ನಿಂತರು, ಮೂರು ಸಲ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು. ಎದುರಿಗೆ ರಿಪಬ್ಲಿಕನ್ ಪಕ್ಷದ ಡಿನೊ ರೊಸ್ಸಿ, ರಿಯಲ್ ಎಸ್ಟೇಟ್ ವ್ಯವಹಾರದ ಮನುಷ್ಯ, ಮಾಜಿ ರಾಜ್ಯ ಸೆನೆಟರ್. 1980ರಿಂದೀಚೆಗೆ ಆ ರಾಜ್ಯದಲ್ಲಿ ರಿಪಬ್ಲಿಕನ್ನರು ಒಮ್ಮೆಯೂ ಗವರ್ನರ್ ಹುದ್ದೆ ಗೆದ್ದಿರಲಿಲ್ಲ. ಅದೇ ದಿನ ನಡೆದ ಅಧ್ಯಕ್ಷ ಚುನಾವಣೆಯಲ್ಲಿ ಜಾನ್ ಕೆರ್ರಿ ಈ ರಾಜ್ಯವನ್ನು ಆರಾಮವಾಗಿ ಗೆದ್ದರು. ಗ್ರೆಗೊಯರ್ ಕೂಡ ಹಾಗೇ ಗೆಲ್ಲುತ್ತಾರೆಂದು ಬಹಳ ಜನ ಎಣಿಸಿದ್ದರು.

ನವೆಂಬರ್ 2ರಂದು ಮತದಾನವಾಯಿತು. ಅಲ್ಲಿನ ಕಾನೂನಿನಂತೆ ಮತದಾನದ ದಿನದೊಳಗೆ ಅಂಚೆ ಮುದ್ರೆ ಬಿದ್ದಿದ್ದರೆ ಸಾಕು, ಲಕೋಟೆ ಎಷ್ಟೋ ದಿನ ತಡವಾಗಿ ಬಂದರೂ ಸ್ವೀಕಾರ. ಹಾಗಾಗಿ ಎಣಿಕೆ ಎರಡು ವಾರ ಎಳೆಯಿತು. ಒಂದು ದಿನ ಇವರು ಮುಂದೆ, ಇನ್ನೊಂದು ದಿನ ಅವರು. ನವೆಂಬರ್ 17ಕ್ಕೆ ಮೊದಲ ಲೆಕ್ಕ ಮುಗಿದಾಗ, ಚಲಾವಣೆಯಾದ 28 ಲಕ್ಷ ಮತಗಳಲ್ಲಿ ರೊಸ್ಸಿ 261 ಮತ ಮುಂದಿದ್ದರು. ಅಂತರ ಎರಡು ಸಾವಿರಕ್ಕಿಂತ ಕಡಿಮೆಯಾದರೆ ಯಂತ್ರದಲ್ಲಿ ಮತ್ತೊಮ್ಮೆ ಎಣಿಸಬೇಕೆಂಬ ನಿಯಮವಿತ್ತು. ನವೆಂಬರ್ 24ಕ್ಕೆ ಅದೂ ಮುಗಿಯಿತು, 261 ಇಳಿದು 42ಕ್ಕೆ ಬಂತು. ರಿಪಬ್ಲಿಕನ್ ಪಕ್ಷದವರೇ ಆದ ರಾಜ್ಯ ಕಾರ್ಯದರ್ಶಿ ಸ್ಯಾಮ್ ರೀಡ್ ನವೆಂಬರ್ 30ರಂದು ಅದಕ್ಕೆ ಮುದ್ರೆ ಒತ್ತಿದರು. ರೊಸ್ಸಿ ನಿಯೋಜಿತ ಗವರ್ನರ್ ಎನಿಸಿಕೊಂಡರು.

ಕಾನೂನು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿತ್ತು. ದುಡ್ಡು ಕಟ್ಟಿದರೆ ಕೈಯಿಂದಲೇ ಮರುಎಣಿಕೆ ಮಾಡಿಸಬಹುದು. ಒಂದು ಮತಪತ್ರಕ್ಕೆ 25 ಸೆಂಟ್ ಠೇವಣಿ, ಫಲಿತಾಂಶ ತಲೆಕೆಳಗಾದರೆ ಹಣ ವಾಪಸ್, ಇಲ್ಲದಿದ್ದರೆ ಹೋಯಿತು. ಡೆಮಾಕ್ರಟಿಕ್ ಪಕ್ಷ 7 ಲಕ್ಷ 30 ಸಾವಿರ ಡಾಲರ್ ಹೊಂದಿಸಿತು. ಅಧ್ಯಕ್ಷ ಚುನಾವಣೆಯಲ್ಲಿ ಸೋತ ಕೆರ್ರಿ ಅವರ ಪ್ರಚಾರ ನಿಧಿಯಲ್ಲಿ ಉಳಿದಿದ್ದ ಹಣವೂ ಅದರಲ್ಲಿ ಸೇರಿತ್ತು. ಸೋತವರು ದುಡ್ಡು ಕೊಟ್ಟು ಎಣಿಸಿಕೊಳ್ಳುವ ಈ ಪದ್ಧತಿ ನನಗೆ ಅಷ್ಟಾಗಿ ಒಗ್ಗದು. ಬಡ ಅಭ್ಯರ್ಥಿಗೆ ನ್ಯಾಯ ಬೇಡವೇ? ಆದರೆ ಅಂದು ಆ ಬಾಗಿಲು ಇಲ್ಲದಿದ್ದರೆ ಫಿಲಿಪ್ಸ್ ಪಟ್ಟಿ ನೋಡುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬುದೂ ನಿಜ.

ಡಿಸೆಂಬರ್ ಎರಡನೇ ವಾರ 39 ಕೌಂಟಿಗಳಲ್ಲೂ ಕೈ ಎಣಿಕೆ ಶುರುವಾಯಿತು. ಕಿಂಗ್ ಕೌಂಟಿ ಒಂದರಲ್ಲೇ ಸುಮಾರು 9 ಲಕ್ಷ ಮತಪತ್ರಗಳು. ಬೋಯಿಂಗ್ ಫೀಲ್ಡ್ ವಿಮಾನ ನಿಲ್ದಾಣದ ಬಳಿಯ ಒಂದು ಕಟ್ಟಡದಲ್ಲಿ ಮೇಜು ಹಾಕಿ ಕೂತರು. ಪ್ರತಿ ಮೇಜಿಗೂ ಎರಡೂ ಪಕ್ಷಗಳ ಕಣ್ಣು, ಜತೆಗೆ ಕಚೇರಿಯ ಕೈ. ಯಂತ್ರಕ್ಕೆ ಅರ್ಥವಾಗದ ಗುರುತು ಮನುಷ್ಯನಿಗೆ ಅರ್ಥವಾಗುತ್ತದೆ. ವೃತ್ತದ ಒಳಗೆ ಶಾಯಿ ತುಂಬುವ ಬದಲು ಹೆಸರಿನ ಸುತ್ತ ಗೆರೆ ಎಳೆದವರು, ಒಬ್ಬರಿಗೆ ಹಾಕಿ ಹೊಡೆದುಹಾಕಿ ಇನ್ನೊಬ್ಬರಿಗೆ ಹಾಕಿದವರು ಎಲ್ಲ ಊರಲ್ಲೂ ಇರುತ್ತಾರೆ. 42ರ ಅಂತರದಲ್ಲಿ ಅಂಥ ಒಂದೊಂದು ಗುರುತಿಗೂ ಚಿನ್ನದ ಬೆಲೆ.

ಇಷ್ಟರ ನಡುವೆ ಆ 573 ಲಕೋಟೆಗಳು.

ಅಂಚೆ ಮತ ಹೇಗೆ ಬರುತ್ತದೆ ಎಂದು ನೋಡಿದರೆ ತಪ್ಪು ಎಲ್ಲಾಯಿತೆಂದು ತಿಳಿಯುತ್ತದೆ. ಮತಪತ್ರವನ್ನು ಮಡಿಸಿ ಹೆಸರಿಲ್ಲದ ಒಳಲಕೋಟೆಗೆ ಹಾಕಬೇಕು. ಅದನ್ನು ಹೊರಲಕೋಟೆಗೆ ಸೇರಿಸಬೇಕು. ಹೊರಲಕೋಟೆಯ ಮೇಲೆ ಮತದಾರರ ಹೆಸರು, ವಿಳಾಸ, ಒಂದು ಪ್ರಮಾಣ ವಾಕ್ಯ, ಅದರ ಕೆಳಗೆ ಸಹಿ. ಕಚೇರಿಯಲ್ಲಿ ಲಕೋಟೆ ಬಂದ ಕೂಡಲೇ ಸಿಬ್ಬಂದಿ ಕಂಪ್ಯೂಟರ್‌ನಲ್ಲಿ ಆ ಮತದಾರರ ದಾಖಲೆ ತೆಗೆಯುತ್ತಾರೆ. ನೋಂದಣಿಯ ದಿನ ಮಾಡಿದ ಸಹಿಯ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಎರಡೂ ಹೊಂದಿದರೆ ಲಕೋಟೆ ಮುಂದಕ್ಕೆ, ಹೊಂದದಿದ್ದರೆ ಪಕ್ಕಕ್ಕೆ.

ಫಿಲಿಪ್ಸ್ ಅವರ ಲಕೋಟೆ ಬಂದಾಗ ಪರದೆಯಲ್ಲಿ ಸಹಿಯ ಜಾಗ ಖಾಲಿ ಇತ್ತು. ಅವರ ಸಹಿ ಕಾಗದದ ನೋಂದಣಿ ಅರ್ಜಿಯ ಮೇಲೆ ಭದ್ರವಾಗಿತ್ತು. ಅದರ ಚಿತ್ರ ಮಾತ್ರ ಕಂಪ್ಯೂಟರ್‌ಗೆ ಏರಿರಲಿಲ್ಲ. ಇಂಥ ಸಂದರ್ಭದಲ್ಲಿ ಎದ್ದುಹೋಗಿ ಕಾಗದದ ಕಡತ ತೆಗೆದು ನೋಡಬೇಕಿತ್ತು, ಲಕೋಟೆಯನ್ನು ಅಲ್ಲಿಯವರೆಗೆ ಬಾಕಿ ಎಂದು ಇಡಬೇಕಿತ್ತು. ಸಿಬ್ಬಂದಿ ಹಾಗೆ ಮಾಡಲಿಲ್ಲ. ಸಹಿ ಹೊಂದದ ಲಕೋಟೆಗಳ ಸಾಲಿಗೇ ಇದನ್ನೂ ಸೇರಿಸಿದರು. ಹೋಲಿಸಿ ನೋಡಿ ಬೇರೆಯಾಗಿದೆ ಎಂದು ತಿರಸ್ಕರಿಸುವುದು ಒಂದು, ಹೋಲಿಸಲು ನಮ್ಮ ಬಳಿ ಏನೂ ಇಲ್ಲ ಎಂದು ತಿರಸ್ಕರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮತದಾರನ ಮೇಲೆ ಅನುಮಾನ ಪಡಬಹುದು. ಎರಡನೆಯದರಲ್ಲಿ ಕಚೇರಿ ತನ್ನ ಕಪಾಟು ತೆರೆಯದ ತಪ್ಪಿಗೆ ಮತದಾರ ದಂಡ ತೆತ್ತಂತಾಯಿತು.

ಈ ಕಚೇರಿಗೆ ಕೆಟ್ಟ ಹೆಸರು ಹೊಸದೇನಲ್ಲ. ಎರಡು ವರ್ಷಗಳ ಹಿಂದೆ ಅಂಚೆ ಮತಪತ್ರಗಳನ್ನು ಮತದಾರರಿಗೆ ತಡವಾಗಿ ಕಳಿಸಿ ಛೀಮಾರಿ ಹಾಕಿಸಿಕೊಂಡಿತ್ತು. ಅದನ್ನು ಸರಿಮಾಡಲೆಂದೇ 2003ರಲ್ಲಿ ಲೋಗನ್ ಅವರನ್ನು ಕರೆತಂದಿದ್ದರು. ಅದಕ್ಕೆ ಮುಂಚೆ ಅವರು ರಾಜ್ಯದ ಚುನಾವಣಾ ನಿರ್ದೇಶಕರಾಗಿದ್ದವರು. ಸ್ಯಾಮ್ ರೀಡ್ ಅವರ ಕೈಕೆಳಗೇ ಕೆಲಸ ಮಾಡಿದ್ದವರು. ತಪ್ಪು ನಮ್ಮ ಸಿಬ್ಬಂದಿಯದು, ಮತದಾರರದಲ್ಲ ಎಂದು ಅವರು ನೇರವಾಗಿಯೇ ಒಪ್ಪಿಕೊಂಡರು. ಅಧಿಕಾರಿಗಳಲ್ಲಿ ಇದು ಅಪರೂಪದ ಗುಣ, ಯಾವ ದೇಶದಲ್ಲಾದರೂ.

ನನ್ನನ್ನು ಕಾಡುವುದು ಫಿಲಿಪ್ಸ್ ಅಲ್ಲ, ಉಳಿದ 572 ಜನ. ಅವರೂ ಸಹಿ ಮಾಡಿದ್ದರು, ಅವರ ಅರ್ಜಿಯೂ ಅದೇ ಕಪಾಟಿನಲ್ಲಿತ್ತು. ಅವರಲ್ಲಿ ಎಷ್ಟು ಜನರಿಗೆ ತಮ್ಮ ಮತ ಪಕ್ಕಕ್ಕೆ ಸರಿದಿದೆ ಎಂದು ಗೊತ್ತಿತ್ತು? ಗೊತ್ತಾಗಿದ್ದರೂ ಎಷ್ಟು ಜನ ಚುನಾವಣಾ ನಿರ್ದೇಶಕರಿಂದ ಒಂದೇ ದಿನದಲ್ಲಿ ಉತ್ತರ ಪಡೆಯಬಲ್ಲವರಾಗಿದ್ದರು? ನವೆಂಬರ್ 17ರ ಎಣಿಕೆ ಈ ತಪ್ಪನ್ನು ಹಿಡಿಯಲಿಲ್ಲ, ನವೆಂಬರ್ 24ರ ಯಂತ್ರ ಹಿಡಿಯಲಿಲ್ಲ, ಎಣಿಕೆಯ ಮೇಜಿನ ಸುತ್ತ ನಿಂತ ಎರಡು ಪಕ್ಷಗಳ ವೀಕ್ಷಕರೂ ಹಿಡಿಯಲಿಲ್ಲ. ಎಣಿಕೆ ಎಂಬುದು ಮೇಜಿನ ಮೇಲೆ ಬಂದ ಕಾಗದವನ್ನಷ್ಟೇ ಎಣಿಸುತ್ತದೆ. ಮೇಜಿಗೇ ಬಾರದ್ದನ್ನು ಹುಡುಕಬೇಕಾದರೆ ತಿರಸ್ಕಾರದ ಪಟ್ಟಿಯನ್ನು ಹೆಸರು ಹೆಸರಾಗಿ ಓದುವವರು ಬೇಕು, ಓದಿದವರಿಗೆ ಆ ಹೆಸರಿನ ಪರಿಚಯವೂ ಇರಬೇಕು. ಇಲ್ಲಿ ಆ ಪರಿಚಯ ಎಷ್ಟು ಹತ್ತಿರದ್ದು ಎಂದರೆ ಓದಿದವರೇ ಆ ಹೆಸರಿನವರು.

ಸುದ್ದಿ ಹೊರಬಿದ್ದಾಗ ರಿಪಬ್ಲಿಕನ್ನರು ಹೌಹಾರಿದ್ದರಲ್ಲಿ ಆಶ್ಚರ್ಯವಿಲ್ಲ. ರಾಜ್ಯದಲ್ಲೇ ಡೆಮಾಕ್ರಟಿಕ್ ಪಕ್ಷದ ಅತಿ ದೊಡ್ಡ ಕೋಟೆ ಕಿಂಗ್ ಕೌಂಟಿ. ಅಂತರ 42 ಇರುವಾಗ ಅಲ್ಲೇ, ಆ ಪಕ್ಷದ ನಾಯಕರೊಬ್ಬರಿಂದಲೇ, 573 ಮತ ಸಿಗುತ್ತವೆ ಎಂದರೆ ಯಾರಿಗೆ ತಾನೇ ಅನುಮಾನ ಬಾರದು? ನಾನು ರೊಸ್ಸಿಯ ಕಡೆಯವನಾಗಿದ್ದರೆ ನನಗೂ ಬರುತ್ತಿತ್ತು. ಮುಂದಿನ ಹತ್ತು ದಿನ ನಡೆದದ್ದು ಗವರ್ನರ್ ಕುರ್ಚಿಯ ಜಗಳ ಮಾತ್ರವಲ್ಲ, ಮರುಎಣಿಕೆ ಎಂದರೆ ಏನು ಎಂಬ ವಾದವೂ ಹೌದು.

ಡಿಸೆಂಬರ್ 14ರಂದು ರಾಜ್ಯದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅದು ಡೆಮಾಕ್ರಟಿಕ್ ಪಕ್ಷ ಮೊದಲೇ ಹೂಡಿದ್ದ ಮೊಕದ್ದಮೆ. ಸಹಿ ನೋಡುವ ಕ್ರಮ ಒಂದೊಂದು ಕೌಂಟಿಯಲ್ಲಿ ಒಂದೊಂದು ಥರ ಇದೆ, ಆದ್ದರಿಂದ ತಿರಸ್ಕರಿಸಿದ ಎಲ್ಲ ಮತಗಳನ್ನೂ ರಾಜ್ಯದಾದ್ಯಂತ ಮತ್ತೆ ಪರಿಶೀಲಿಸಿ ಎಂಬುದು ಅವರ ಬೇಡಿಕೆ. ನ್ಯಾಯಾಲಯ ಸರ್ವಾನುಮತದಿಂದ ಅದನ್ನು ತಳ್ಳಿಹಾಕಿತು. ಮರುಎಣಿಕೆ ಎಂದರೆ ಈಗಾಗಲೇ ಸ್ವೀಕರಿಸಿದ ಮತಗಳನ್ನು ಮತ್ತೆ ಲೆಕ್ಕ ಹಾಕುವುದು ಅಷ್ಟೇ, ತಿರಸ್ಕರಿಸಿದ್ದನ್ನು ಕೆದಕುವುದಲ್ಲ ಎಂದಿತು. ಫಿಲಿಪ್ಸ್ ಪಟ್ಟಿ ನೋಡಿದ ಎರಡೇ ದಿನಕ್ಕೆ ಬಂದ ಈ ತೀರ್ಪು ರಿಪಬ್ಲಿಕನ್ನರ ಕೈಗೆ ಒಳ್ಳೆಯ ಅಸ್ತ್ರ ಕೊಟ್ಟಿತು.

ಆದರೂ ಮರುದಿನ ಕಿಂಗ್ ಕೌಂಟಿಯ ಮತ ಪರಿಶೀಲನಾ ಮಂಡಳಿ ಸಭೆ ಸೇರಿತು. ಮೂವರ ಮಂಡಳಿ: ಲೋಗನ್, ಕೌಂಟಿ ಮಂಡಳಿಯ ಡ್ವೈಟ್ ಪೆಲ್ಜ್, ಪ್ರಾಸಿಕ್ಯೂಟರ್ ಕಚೇರಿಯ ಡ್ಯಾನ್ ಸ್ಯಾಟರ್ಬರ್ಗ್. ಇಬ್ಬರು ಎಣಿಸೋಣ ಎಂದರು, ಸ್ಯಾಟರ್ಬರ್ಗ್ ಬೇಡವೆಂದರು. ಎರಡು ದಿನ ಬಿಟ್ಟು ಡಿಸೆಂಬರ್ 17ರಂದು ಪಕ್ಕದ ಪಿಯರ್ಸ್ ಕೌಂಟಿಯ ನ್ಯಾಯಾಧೀಶೆ ಸ್ಟೆಫನಿ ಅರೆಂಡ್ ರಿಪಬ್ಲಿಕನ್ನರ ಮನವಿಗೆ ಒಪ್ಪಿ ಎಣಿಕೆಗೆ ತಡೆ ಕೊಟ್ಟರು. ಅಂದೇ ಕಚೇರಿಯವರು ಕಾಣೆಯಾಗಿದ್ದ ಇನ್ನೂ ನೂರೈವತ್ತರಷ್ಟು ಲಕೋಟೆಗಳು ಸಿಕ್ಕವೆಂದು ಪ್ರಕಟಿಸಿದರು. ಕಡೆಗೆ ಒಟ್ಟು ಸಂಖ್ಯೆ 735ಕ್ಕೆ ಬಂದು ನಿಂತಿತು. ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಇದಕ್ಕಿಂತ ಒಳ್ಳೆಯ ದಿನವನ್ನು ಅವರು ಆರಿಸಲು ಸಾಧ್ಯವಿರಲಿಲ್ಲ!

ಡಿಸೆಂಬರ್ 22. ಅದೇ ಸುಪ್ರೀಂ ಕೋರ್ಟ್, ಅದೇ ನ್ಯಾಯಮೂರ್ತಿಗಳು, ಮತ್ತೆ ಸರ್ವಾನುಮತ, ಈ ಸಲ ಎಣಿಸಬಹುದು ಎಂದರು. ಎಂಟು ದಿನಗಳ ಹಿಂದೆ ಹೇಳಿದ್ದಕ್ಕೆ ಇದು ತಿರುಗುಮುರುಗಾಯಿತಲ್ಲ ಎಂದು ಅಂದು ಬಹಳ ಜನ ಗೊಣಗಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತರ್ಕ ತಪ್ಪಿಲ್ಲ. ಒಂದು ಪಕ್ಷ ಕೇಳಿದ ಮಾತ್ರಕ್ಕೆ ರಾಜ್ಯದ ಎಲ್ಲ ತಿರಸ್ಕೃತ ಮತಗಳನ್ನೂ ಬಿಚ್ಚಬೇಕಿಲ್ಲ ಎಂಬುದು ಮೊದಲ ತೀರ್ಪು. ತನ್ನದೇ ಸಿಬ್ಬಂದಿ ತಪ್ಪು ಮಾಡಿದ್ದಾರೆಂದು ಕೌಂಟಿಯ ಮಂಡಳಿಗೆ ಸ್ವತಃ ಗೊತ್ತಾದರೆ, ಫಲಿತಾಂಶಕ್ಕೆ ಸಹಿ ಬೀಳುವ ಮುಂಚೆ ಅದನ್ನು ತಿದ್ದಿಕೊಳ್ಳುವ ಅಧಿಕಾರ ಕಾನೂನಿನಲ್ಲೇ ಇದೆ ಎಂಬುದು ಎರಡನೆಯದು.

ಆ ಹೊತ್ತಿಗೆ ಕಿಂಗ್ ಕೌಂಟಿಯ ಉಳಿದ ಕೈ ಎಣಿಕೆ ಮುಗಿದಿತ್ತು. ವಿವಾದದ ಒಂದೂ ಲಕೋಟೆ ಒಡೆಯದೆಯೇ ಗ್ರೆಗೊಯರ್ 10 ಮತ ಮುಂದೆ ಬಂದಿದ್ದರು. ಈ ಸಂಗತಿಯನ್ನು ಕತೆ ಹೇಳುವವರು ಮರೆತುಬಿಡುತ್ತಾರೆ. ಸಿಕ್ಕಿದ ಮತಗಳು ಗವರ್ನರನ್ನು ಬದಲಿಸಿದವು ಎಂದೇ ಜನಜನಿತ. ಬದಲಿಸಿದ್ದು ಕೈ ಎಣಿಕೆ, ಲಕೋಟೆಗಳು ಅಂತರವನ್ನು ಹಿಗ್ಗಿಸಿದವು. ಡಿಸೆಂಬರ್ 23ರಂದು 735ರಲ್ಲಿ ಸಹಿ ತಾಳೆಯಾದ 566 ಮತಗಳನ್ನು ಎಣಿಸಿದರು. ಕೊನೆಯ ಅಧಿಕೃತ ಲೆಕ್ಕ ಹೀಗಿದೆ: ಗ್ರೆಗೊಯರ್ 13,73,361, ರೊಸ್ಸಿ 13,73,232, ಲಿಬರ್ಟೇರಿಯನ್ ಪಕ್ಷದ ರೂತ್ ಬೆನೆಟ್ 63,465. ಅಂತರ 129. ಸುಮಾರು 22 ಸಾವಿರ ಮತಗಳಿಗೆ ಒಂದು ಮತದಂತೆ ಗೆಲುವು. ಡೆಮಾಕ್ರಟಿಕ್ ಪಕ್ಷಕ್ಕೆ ಠೇವಣಿಯೂ ವಾಪಸ್.

ನಮ್ಮಲ್ಲೂ ಅದೇ 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದು, 40,751 ಪಡೆದ ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು ಓದುಗರಿಗೆ ನೆನಪಿರಬಹುದು. ಈಗ ಆ ಕ್ಷೇತ್ರವೇ ಇಲ್ಲ, ಆ ಒಂದು ಮತದ ಕತೆ ಮಾತ್ರ ಇದೆ. ಒಂದು ಮತವೆಂದರೆ ಕೇಳಲು ಇನ್ನೂ ರೋಚಕ, ನಿಜ. ಆದರೆ 28 ಲಕ್ಷ ಮತಗಳಲ್ಲಿ 129 ಎಂಬುದು ಬೇರೆಯೇ ಬಗೆಯ ಕಷ್ಟ. ಅಷ್ಟು ದೊಡ್ಡ ಎಣಿಕೆಯಲ್ಲಿ ನೂರಾರು ತಪ್ಪುಗಳು ಎರಡೂ ಕಡೆ ಆಗಿಯೇ ಇರುತ್ತವೆ. ಅಂತರ ಸಾವಿರಗಟ್ಟಲೆ ಇದ್ದಾಗ ಅವನ್ನು ಯಾರೂ ಕೇಳುವುದಿಲ್ಲ.

ರೊಸ್ಸಿ ಸೋಲೊಪ್ಪಲಿಲ್ಲ. 2005ರ ಜನವರಿ 12ರಂದು ರಾಜಧಾನಿ ಒಲಿಂಪಿಯಾದಲ್ಲಿ ಗ್ರೆಗೊಯರ್ ಪ್ರಮಾಣ ವಚನ ಸ್ವೀಕರಿಸಿದರು. ಮರುಚುನಾವಣೆಯಾಗಲಿ ಎಂಬ ಕಿತ್ತಳೆ ಬಣ್ಣದ ಫಲಕಗಳು ಆ ದಿನಗಳಲ್ಲಿ ಅಲ್ಲಿ ಎದ್ದಿದ್ದವು. ಉಕ್ರೇನ್‌ನಲ್ಲಿ ಕೆಲವೇ ವಾರಗಳ ಹಿಂದೆ ಕಿತ್ತಳೆ ಬಣ್ಣ ಹಿಡಿದು ಬೀದಿಗಿಳಿದ ಜನ ಮರುಮತದಾನ ಗಳಿಸಿಕೊಂಡಿದ್ದರು, ಆ ಬಣ್ಣ ಬಂದದ್ದು ಅಲ್ಲಿಂದ. ಅದಕ್ಕೂ ಮೊದಲೇ ಜನವರಿ 7ರಂದು ರೊಸ್ಸಿ ಪರವಾಗಿ ಮೊಕದ್ದಮೆ ದಾಖಲಾಗಿತ್ತು. ಜಾಗವನ್ನೂ ಆರಿಸಿಕೊಂಡಿದ್ದರು: ಪರ್ವತಗಳ ಆಚೆ, ಕೊಲಂಬಿಯಾ ನದಿಯ ದಂಡೆಯಲ್ಲಿ ಸೇಬಿನ ತೋಟಗಳ ನಡುವಿನ ವೆನಾಚಿ ಪಟ್ಟಣ, ಚೆಲಾನ್ ಕೌಂಟಿಯ ನ್ಯಾಯಾಲಯ. ರಿಪಬ್ಲಿಕನ್ನರಿಗೆ ಅನುಕೂಲದ ಊರು. ಪ್ರಕರಣ ಬಂದದ್ದು ನ್ಯಾಯಾಧೀಶ ಜಾನ್ ಬ್ರಿಜಸ್ ಅವರ ಮುಂದೆ.

ಈಗ ಹುಡುಕಾಟ ದಿಕ್ಕು ಬದಲಿಸಿತು. ಡಿಸೆಂಬರ್‌ನಲ್ಲಿ ಹುಡುಕಿದ್ದು ಹೊರಗೆ ಉಳಿದ ನ್ಯಾಯವಾದ ಮತಗಳನ್ನು. ಈಗ ಹುಡುಕಿದ್ದು ಒಳಗೆ ಸೇರಿಕೊಂಡ ಅಕ್ರಮ ಮತಗಳನ್ನು. ಶಿಕ್ಷೆಗೊಳಗಾಗಿ ಮತದಾನದ ಹಕ್ಕು ಕಳೆದುಕೊಂಡವರು, ಸತ್ತವರ ಹೆಸರಿನಲ್ಲಿ ಬಂದ ಮತ, ಎರಡು ಸಲ ಹಾಕಿದವರು. ಸತ್ತವರು ಎಂದರೆ ನಾವು ಇಲ್ಲಿ ಊಹಿಸುವ ಕಳ್ಳ ಮತದಾನವೇ ಆಗಬೇಕೆಂದಿಲ್ಲ, ತೀರಿಕೊಂಡ ಮಡದಿಯ ಹೆಸರಿಗೆ ಬಂದ ಮತಪತ್ರವನ್ನು ಅವಳ ಆಸೆಯೆಂದು ತುಂಬಿ ಕಳಿಸುವ ಮುದುಕರೂ ಇರುತ್ತಾರೆ. ಶಿಕ್ಷೆ ಮುಗಿಸಿದವರಲ್ಲೂ ಬಹಳ ಜನರಿಗೆ ದಂಡ ಬಾಕಿ ತೀರಿಸಿ, ಪ್ರಮಾಣಪತ್ರ ಪಡೆಯುವವರೆಗೆ ಮತ ಹಾಕುವಂತಿಲ್ಲ ಎಂಬುದೇ ಗೊತ್ತಿರಲಿಲ್ಲ.

ಇನ್ನೊಂದು ಬಗೆಯೂ ಇತ್ತು. ಪಟ್ಟಿಯಲ್ಲಿ ಹೆಸರು ಸಿಗದವರಿಗೆ ಮತಗಟ್ಟೆಯಲ್ಲಿ ತಾತ್ಕಾಲಿಕ ಮತಪತ್ರ ಕೊಡುತ್ತಾರೆ. ಅದನ್ನು ಲಕೋಟೆಗೆ ಹಾಕಿ ಕೊಡಬೇಕು, ಅರ್ಹತೆ ನೋಡಿದ ಮೇಲೆ ಎಣಿಸುತ್ತಾರೆ. ಕಿಂಗ್ ಕೌಂಟಿಯಲ್ಲಿ ಅಂಥ ನೂರಾರು ಮತಪತ್ರಗಳನ್ನು ಯಾವ ಪರಿಶೀಲನೆಯೂ ಇಲ್ಲದೆ ನೇರವಾಗಿ ಎಣಿಕೆ ಯಂತ್ರಕ್ಕೆ ತೂರಿಸಿಬಿಟ್ಟಿದ್ದರು. ಆ ವರ್ಷ ಏಪ್ರಿಲ್‌ನಲ್ಲಿ ಅದೇ ಕಚೇರಿಯಲ್ಲಿ ತೆರೆಯದೇ ಉಳಿದ 90ಕ್ಕೂ ಹೆಚ್ಚು ಅಂಚೆ ಲಕೋಟೆಗಳು ಬೇರೆ ಸಿಕ್ಕವು. ಆಗ ಯಾರೂ ಅವನ್ನು ಎಣಿಸುವಂತಿರಲಿಲ್ಲ.

ಲಕೋಟೆಯ ಮಹತ್ವ ಅರ್ಥವಾಗುವುದು ಇಲ್ಲಿಯೇ. ಫಿಲಿಪ್ಸ್ ಅವರ ಮತ ಸಿಕ್ಕಿದ್ದು ಅದು ಇನ್ನೂ ಲಕೋಟೆಯೊಳಗೆ ಇದ್ದದ್ದರಿಂದ. ಮೇಲೆ ಹೆಸರಿತ್ತು, ಸಹಿಯಿತ್ತು, ಯಾರದೆಂದು ಕೈಮಾಡಿ ತೋರಿಸಬಹುದಿತ್ತು. ಒಮ್ಮೆ ಲಕೋಟೆ ಒಡೆದು ಮತಪತ್ರ ರಾಶಿಗೆ ಬಿದ್ದರೆ ಹೆಸರು ಬೇರೆ, ಮತ ಬೇರೆ. ಗುಪ್ತ ಮತದಾನ ಎಂದರೆ ಅದೇ ತಾನೇ. ಅನರ್ಹನೊಬ್ಬ ಮತ ಹಾಕಿದ್ದಾನೆ ಎಂದು ಸಾಬೀತು ಮಾಡಬಹುದು, ಆದರೆ 28 ಲಕ್ಷದಲ್ಲಿ ಅವನದು ಯಾವುದು ಎಂದು ಆರಿಸಿ ತೆಗೆಯಲು ಬ್ರಹ್ಮನಿಂದಲೂ ಆಗದು.

ರೊಸ್ಸಿ ಪರ ವಕೀಲರು ಇದಕ್ಕೊಂದು ಲೆಕ್ಕಾಚಾರ ತಂದರು. ಒಂದು ಮತಗಟ್ಟೆಯಲ್ಲಿ ಗ್ರೆಗೊಯರ್‌ಗೆ ನೂರಕ್ಕೆ 60 ಮತ ಬಿದ್ದಿದ್ದರೆ, ಅಲ್ಲಿನ 10 ಅಕ್ರಮ ಮತಗಳಲ್ಲಿ 6 ಅವರದೆಂದು ಕಳೆಯೋಣ ಎಂದರು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಜೈಲು ಕಂಡು ಬಂದವನು ತನ್ನ ಬೀದಿಯವರ ಹಾಗೆಯೇ ಮತ ಹಾಕುತ್ತಾನೆ ಎಂಬುದಕ್ಕೆ ಆಧಾರವೇನು? ಡೆಮಾಕ್ರಟಿಕ್ ಪಕ್ಷದವರು ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕಿಲ್ಲದೆ ಮತ ಹಾಕಿದ್ದ ಕೆಲವರನ್ನೇ ಹುಡುಕಿ, ಯಾರಿಗೆ ಹಾಕಿದಿರಿ ಎಂದು ಪ್ರಮಾಣ ಮಾಡಿಸಿ ಹೇಳಿಕೆ ತಂದರು. ನಾಲ್ವರು ರೊಸ್ಸಿಗೆ ಎಂದರು, ಒಬ್ಬರು ಬೆನೆಟ್‌ಗೆ.

ಮೇ 23ರಂದು ವಿಚಾರಣೆ ಶುರುವಾಯಿತು, ಜೂನ್ 6ರಂದು ಬ್ರಿಜಸ್ ತೀರ್ಪು ಓದಿದರು. ರಾಜ್ಯದಲ್ಲಿ 1,678 ಅಕ್ರಮ ಮತಗಳು ಚಲಾವಣೆಯಾಗಿವೆ ಎಂದು ಅವರು ಒಪ್ಪಿದರು. ಗೆಲುವಿನ ಅಂತರದ 13 ಪಟ್ಟು! ಆದರೆ ಚುನಾವಣೆ ರದ್ದು ಮಾಡಬೇಕಾದರೆ ಅಕ್ರಮ ನಡೆದಿದೆ ಎಂದರೆ ಸಾಲದು, ಆ ಅಕ್ರಮದಿಂದಲೇ ಈ ಅಭ್ಯರ್ಥಿ ಗೆದ್ದರು ಎಂದು ತೋರಿಸಬೇಕು. ಅನುಪಾತದ ಲೆಕ್ಕವನ್ನು ಅವರು ಪುರಾವೆ ಎಂದು ಒಪ್ಪಲಿಲ್ಲ. ವಂಚನೆಗೂ ಸಾಕ್ಷ್ಯವಿಲ್ಲ ಎಂದರು. ಯಾರಿಗೆ ಬಿದ್ದಿತೆಂದು ನಿಖರವಾಗಿ ಗೊತ್ತಾದದ್ದು ಆ ಐದು ಮತಗಳು ಮಾತ್ರ. ರೊಸ್ಸಿಯವರಲ್ಲಿ ನಾಲ್ಕು, ಬೆನೆಟ್ ಅವರಲ್ಲಿ ಒಂದು ಕಳೆದರು. ಮೊಕದ್ದಮೆ ಹೂಡಿದವರ ಮತವೇ ಕಡಿಮೆಯಾಗಿ ಅಂತರ 133ಕ್ಕೆ ಏರಿತು. ಅಂದೇ ರೊಸ್ಸಿ ಮೇಲ್ಮನವಿ ಬೇಡವೆಂದು ಕೈಬಿಟ್ಟರು.

2004ರಲ್ಲಿ ನಿಜಕ್ಕೂ ಗೆದ್ದವರು ಯಾರು? ನನ್ನ ಉತ್ತರ: ಕಾನೂನಿನ ಪ್ರಕಾರ ಗ್ರೆಗೊಯರ್, ಅದರಲ್ಲಿ ಸಂದೇಹವಿಲ್ಲ. ಅಂಕಗಣಿತದ ಪ್ರಕಾರ ಆ ಪ್ರಶ್ನೆಗೆ ಉತ್ತರವೇ ಇಲ್ಲ, 1,678 ಮತಗಳು ರಾಶಿಯಲ್ಲಿ ಕರಗಿಹೋಗಿವೆ. 2008ರಲ್ಲಿ ಅದೇ ಇಬ್ಬರೂ ಮತ್ತೆ ಎದುರಾದರು. ಆಗ ಗ್ರೆಗೊಯರ್ ಸುಮಾರು 1 ಲಕ್ಷ 94 ಸಾವಿರ ಮತಗಳಿಂದ ಗೆದ್ದರು. ಯಾರೂ ಲಕೋಟೆ ಹುಡುಕಲಿಲ್ಲ.

ಆಮೇಲೆ ಸುಧಾರಣೆಗಳು ಬಂದವು. 2006ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮತದಾರರ ದತ್ತಾಂಶ ಬಂತು. ಕಿಂಗ್ ಕೌಂಟಿಯ ಚುನಾವಣಾ ನಿರ್ದೇಶಕರನ್ನು ಈಗ ಮತದಾರರೇ ಆರಿಸುತ್ತಾರೆ. ರಾಜ್ಯವೆಲ್ಲ ಅಂಚೆ ಮತದಾನಕ್ಕೆ ತಿರುಗಿದೆ. ಲಕೋಟೆ ಎಲ್ಲಿದೆ ಎಂದು ಮತದಾರ ಮನೆಯಲ್ಲೇ ಕೂತು ನೋಡಬಹುದು, ಸಹಿಯಲ್ಲಿ ತೊಡಕಾದರೆ ಕಚೇರಿಯೇ ತಿಳಿಸಿ ಸರಿಪಡಿಸಲು ಅವಕಾಶ ಕೊಡುತ್ತದೆ.

ಈ ವಿಷಯದಲ್ಲಿ ನಮ್ಮ ಚುನಾವಣಾ ಆಯೋಗದ ಒಂದು ಸೂಚನೆಯನ್ನು ಮೆಚ್ಚಲೇಬೇಕು. ಗೆಲುವಿನ ಅಂತರ ತಿರಸ್ಕೃತವಾದ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ, ಆ ತಿರಸ್ಕೃತ ಮತಗಳನ್ನೆಲ್ಲ ಚುನಾವಣಾಧಿಕಾರಿ ಮತ್ತೊಮ್ಮೆ ಕಡ್ಡಾಯವಾಗಿ ಪರಿಶೀಲಿಸಬೇಕು. ಯಾರೋ ಪಟ್ಟಿಯಲ್ಲಿ ತಮ್ಮ ಹೆಸರು ಕಾಣುವವರೆಗೆ ಕಾಯಬೇಕಿಲ್ಲ. 2023ರ ಮೇ 13ರಂದು ಬೆಂಗಳೂರಿನ ಜಯನಗರದಲ್ಲಿ ತಡರಾತ್ರಿಯವರೆಗೆ ಜಗ್ಗಾಟ ನಡೆದದ್ದು ಇಂಥ ತಿರಸ್ಕೃತ ಅಂಚೆ ಮತಗಳ ಮೇಲೆಯೇ. ಅಲ್ಲಿ ಕೊನೆಗೆ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತಗಳಿಂದ.

ನಿಮ್ಮ ಮನೆಯಲ್ಲಿ 85 ದಾಟಿದ ಹಿರಿಯರು ಮನೆಯಿಂದಲೇ ಮತ ಹಾಕುವವರಿದ್ದರೆ, ಚುನಾವಣಾ ಕರ್ತವ್ಯದ ಮೇಲೆ ಅಂಚೆ ಮತ ಹಾಕುವ ನೌಕರರಿದ್ದರೆ ಒಂದು ಮಾತು ನೆನಪಿಡಿ. ಮತಪತ್ರದ ಜೊತೆ 13ಎ ಎಂಬ ಘೋಷಣಾ ನಮೂನೆ ಇರುತ್ತದೆ. ಅದರ ಮೇಲೆ ಮತದಾರರ ಸಹಿ, ಅದಕ್ಕೆ ಅಧಿಕಾರಿಯ ದೃಢೀಕರಣ ಎರಡೂ ಇರಬೇಕು. ಒಂದು ತಪ್ಪಿದರೂ ಒಳಗಿನ ಲಕೋಟೆಯನ್ನು ಒಡೆಯದೆಯೇ ಪಕ್ಕಕ್ಕಿಡುತ್ತಾರೆ. ಅಂಟಿಸುವ ಮುಂಚೆ ಒಮ್ಮೆ ನೋಡಿಬಿಡಿ.